ಕರಡು ಕೇಳುವವರು

ಆಗಸ್ಟ್ 18, ಸೋಮವಾರ

ಉಗ್ರಪ್ಪನವರ ತಿಥಿ ಊಟ ಮುಗಿದ ಮೇಲೆ ಅವರ ಹೆಂಡತಿ ಮುನಿತಾಯಮ್ಮ ನನ್ನನ್ನು ಒಳಗೆ ಕರೆದು ಮೇಲಿನ ಕೋಣೆಯ ಬೀಗದ ಕೈ ಕೊಟ್ಟರು. "ಸಂಘಮಿತ್ರಾ, ದೀಪಾವಳಿ ಸಂಚಿಕೆ ಒಂದು ತಂದ್ಬಿಡಮ್ಮ. ಆಮೇಲೆ ಬೇಕಾದ್ರೆ ಮುಚ್ಚೋಣ," ಅಂದರು. ಗಂಡನನ್ನು ಕಳೆದುಕೊಂಡವರ ಎದುರು ಇಲ್ಲ ಅನ್ನುವುದು ಹೇಗೆ? ತಲೆಯಾಡಿಸಿದೆ.

ಹೀಗೆ ನಾನು ಉಗ್ರಪ್ಪನವರು ನಡೆಸುತ್ತಿದ್ದ 'ಬಿದಿಗೆ' ಎಂಬ ತ್ರೈಮಾಸಿಕದ ಸಂಪಾದಕಿಯಾದೆ. ಕುರುಬರಹಳ್ಳಿಯ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ, ಒಂದು ಮೇಜು, ಅವರ ಬೆತ್ತದ ಕುರ್ಚಿ, ಎದುರಿಗೆ ನನ್ನ ಪ್ಲಾಸ್ಟಿಕ್ ಕುರ್ಚಿ, ಎಲ್ಲದರ ಮೇಲೂ ರಾಗಿ ಹಿಟ್ಟಿನ ಧೂಳು. ಪತ್ರಿಕೆಯ ಆಸ್ತಿ ಇಷ್ಟೇ. ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ನಾನು ಮೊದಮೊದಲು ಸಂಜೆಗಳನ್ನು ಇಲ್ಲಿ ಕಳೆಯುತ್ತಿದ್ದೆ, ಆ ಕೆಲಸ ಬಿಟ್ಟ ಮೇಲೆ ಇಡೀ ದಿನಗಳನ್ನು.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಜೀವಮಾನವಿಡೀ ಬೇರೆಯವರ ವಾಕ್ಯ ತಿದ್ದಿದವಳಿಗೆ ಸ್ವಂತ ವಾಕ್ಯ ಕಂಡರೆ ಹೆದರಿಕೆ. ಆದರೆ ಉಗ್ರಪ್ಪನವರಿಲ್ಲದೆ ಇನ್ನು ಯಾರ ಹತ್ತಿರ ಗೊಣಗಲಿ? ವಿಜಯನಗರದ ನನ್ನ ಮನೆಯಲ್ಲಿ ಗೋಡೆಗಳು ಬಿಟ್ಟರೆ ಯಾರೂ ಇಲ್ಲ. ಇಲ್ಲೇ ಗೊಣಗುತ್ತೇನೆ. ತಿದ್ದುವುದಿಲ್ಲ.

ಆಗಸ್ಟ್ 21

ಬಂದಿರುವ ಬರಹಗಳನ್ನೆಲ್ಲ ನೋಡಿದೆ. ಹೆಸರಾಂತವರದ್ದು ಎಂದಿನ ಹಾಗೆ. ಒಬ್ಬ ಹಿರಿಯರು ಪ್ರತಿ ದೀಪಾವಳಿಗೂ ಅದೇ ಕಥೆಯನ್ನು ಪಾತ್ರಗಳ ಹೆಸರು ಬದಲಾಯಿಸಿ ಕಳಿಸುತ್ತಾರೆ, ಈ ಸಲ ಹೆಸರು ಬದಲಾಯಿಸುವುದನ್ನೂ ಮರೆತಿದ್ದಾರೆ. ಒಬ್ಬ ಕವಿ ಪುಟ್ಟ ಪದ್ಯ ಕಳಿಸಿ, ಅದರ ಜೊತೆ ಪದ್ಯಕ್ಕಿಂತ ಉದ್ದದ ಸ್ವಪರಿಚಯ ಕಳಿಸಿದ್ದಾರೆ. ಇವರೂ ಬೇಕು. ಇವರ ಹೆಸರು ನೋಡಿಯೇ ಜನ ಪತ್ರಿಕೆ ಕೈಗೆತ್ತಿಕೊಳ್ಳುವುದು. ಆದರೆ ಅರ್ಧ ಪುಟಗಳು ಹಿಂದೆಂದೂ ಅಚ್ಚಾಗದ ಹೆಸರುಗಳಿಗೇ ಅನ್ನುವುದು ಉಗ್ರಪ್ಪನವರ ನಿಯಮ. ಅದಕ್ಕಾಗಿಯೇ 'ಬಿದಿಗೆ'ಯನ್ನು ಓದುವವರು ಇವತ್ತಿಗೂ ಇದ್ದಾರೆ.

ಹೊಸಬರ ರಾಶಿಯಲ್ಲಿ ವಾಟ್ಸಾಪಿನಲ್ಲಿ ಬಂದ ಒಂದು ಕಥೆ ಸಿಕ್ಕಿತು. ಬರೆದವನು ರೇವಣಸಿದ್ದ, ವಿಜಯಪುರದ ಕಡೆಯವನು, ಬ್ಯಾಡರಹಳ್ಳಿಯಲ್ಲಿ ರೂಮು ಮಾಡಿಕೊಂಡು ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಕಥೆ ಅವನ ಅಜ್ಜಿ ಭಾಗವ್ವನದು. ಊರಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಕೂತು, ಹೋದವರನ್ನು ಹೆಸರು ಹಿಡಿದು ಕರೆದು, ಹಾಡಿಕೊಂಡು ಅಳುವವಳು ಆಕೆ. ಈಗ ತನ್ನ ಸರದಿ ಹತ್ತಿರ ಬಂದಿದೆ, ತನಗಾಗಿ ಹಾಡುವವರು ಮಾತ್ರ ಊರಲ್ಲಿ ಯಾರೂ ಉಳಿದಿಲ್ಲ. ಅದಕ್ಕೆ ತನ್ನ ಸಾವಿನ ಹಾಡನ್ನು ತಾನೇ ಕಟ್ಟಿ ಮೊಮ್ಮಗನಿಗೆ ಹೇಳಿಕೊಡುತ್ತಾಳೆ.

"ಎದ್ದು ಹ್ವಾದೆಲ್ಲ ಯವ್ವಾ, ಎಸರ ಇನ್ನಾ ಕುದ್ದಿಲ್ಲ" ಅನ್ನುವ ಸಾಲು ಓದಿ ಫೋನ್ ಕೆಳಗಿಟ್ಟೆ. ಈ ಕಥೆ ಸಿಕ್ಕಿದ ಮೇಲೆ ಸಂಚಿಕೆ ಬಂದ ಹಾಗೆಯೇ.

ಆಗಸ್ಟ್ 24

ರೇವಣಸಿದ್ದ ಬಂದಿದ್ದ. ದೊಡ್ಡ ಚೌಕದ ಚೀಲವನ್ನು ಮೆಟ್ಟಿಲ ಬಳಿ ಇಟ್ಟು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಜ್ಜಿ ನಿಜವಾಗಿಯೂ ಇದ್ದಾಳೆ, ಹಾಡೂ ನಿಜ. ಒಂದೊಂದೇ ಸಾಲನ್ನು ಫೋನಿನಲ್ಲಿ ಹೇಳಿ ಬರೆಸಿದ್ದಾಳೆ. ಅಚ್ಚು ಮಾಡಿಸು, ನಾನು ಹೋದ ದಿನ ಅದನ್ನು ನೋಡಿಕೊಂಡು ಹಾಡು ಅಂದಿದ್ದಾಳೆ. ಇವನಿಗೆ ಬಾಯಿಪಾಠ ನಿಲ್ಲುವುದಿಲ್ಲವಂತೆ. ಫೋನಿನಲ್ಲಿದ್ದದ್ದು ಹೋಗುತ್ತದೆ, ಪುಸ್ತಕದಲ್ಲಿದ್ದರೆ ಇರುತ್ತದೆ ಅನ್ನುವುದು ಇವನ ನಂಬಿಕೆ.

ಸಂಪಾದಕರ ಎದುರು ಯಾವ ಹೊಸ ಲೇಖಕನೂ ಹಾಕದ ಷರತ್ತೊಂದನ್ನು ಹಾಕಿದ.

"ಅಕ್ಕಾರ, ಕಥಿ ಬ್ಯಾಡಂದ್ರ ಬಿಡ್ರಿ. ತಗೊಂಡ್ರ ಮಾತ್ರ ಒಂದ ಅಕ್ಷರಾ ತಿದ್ದಬ್ಯಾಡ್ರಿ. ಸತ್ತವರ್ನ ಅವರ ಮಾತಿನಾಗ ಕರದ್ರ ಅಷ್ಟ ಅವರು ಹೊಳ್ಳಿ ನೋಡ್ತಾರಂತ. ಬ್ಯಾರೆ ಮಾತಿನಾಗ ಕರದ್ರ ಯಾರನ್ನೋ ಕರ್ಯಾಕತ್ತಾರಂತ ಹಂಗ ಹ್ವಾಗಿಬಿಡ್ತಾರ."

ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಮನಸಾರೆ ಕೊಟ್ಟೆ. ನನ್ನ ಮೊದಲ ಕಥೆಯನ್ನು ಉಗ್ರಪ್ಪನವರು ಎಷ್ಟು ಚೆನ್ನಾಗಿ ತಿದ್ದಿದ್ದರೆಂದರೆ ಅದರಲ್ಲಿ ನನ್ನದು ಅಂತ ಹೆಸರು ಮಾತ್ರ ಉಳಿದಿತ್ತು. ಎಲ್ಲರೂ ಹೊಗಳಿದರು. ಎರಡನೆಯದು ಬರೆಯುವುದಕ್ಕೆ ನನಗೆ ಕೈ ಏಳಲಿಲ್ಲ. ಆ ನೋವು ಈ ಹುಡುಗನಿಗೆ ಬೇಡ.

ಆಗಸ್ಟ್ 30

ಕರಡು ತಿದ್ದಲು ಶುರುಮಾಡಿದೆ. ನಮ್ಮ ಪದ್ಧತಿ ಬೇರೆ ಕಡೆ ಇಲ್ಲ. ಉಗ್ರಪ್ಪನವರು ಕರಡನ್ನು ಕಣ್ಣಿಂದ ನೋಡುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಬೇಕು, ಅವರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳಬೇಕು. ಸರಿಯಿದ್ದರೆ ಹೂಂ ಅನ್ನುವರು. ಹೂಂ ಬರದಿದ್ದರೆ ಅಲ್ಲೇನೋ ತೊಡಕಿದೆ ಎಂದರ್ಥ. ಅವರು ಬೇರೆ ಮಾತು ಹೇಳುವರು, ನಾನು ಬರೆದುಕೊಳ್ಳುವೆ. ಕಿವಿಗೆ ಬೀಳದ ಒಂದು ಪುಟವೂ ಈ ಕೋಣೆಯಿಂದ ಅಚ್ಚಿಗೆ ಹೋಗಿಲ್ಲ.

ಇವತ್ತು ಖಾಲಿ ಕುರ್ಚಿಗೇ ಓದಿದೆ. ನಗು ಬಂತು, ಆಮೇಲೆ ಅಳು ಬಂತು. ಬಸವೇಶ್ವರನಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಚೇತನಾ ನಮ್ಮ ಪುಟ ಕಟ್ಟುವವಳು. ಫೋನಿನಲ್ಲಿ ಬಂದ ಅಕ್ಷರಗಳು ಅವಳ ಕಂಪ್ಯೂಟರಿನಲ್ಲಿ ಒಮ್ಮೊಮ್ಮೆ ಒಡೆದುಹೋಗುತ್ತವೆ. ಆದ್ದರಿಂದ ಕಥೆಗಳನ್ನು ಓದಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ, ಕೇಳಿಕೊಂಡು ಸರಿಮಾಡಲಿ ಎಂದು. ಗಿರಣಿಗೆ ರಜೆ, ಕೋಣೆ ಹಿಂದೆಂದೂ ಇಷ್ಟು ನಿಶ್ಶಬ್ದವಾಗಿರಲಿಲ್ಲ. ಪ್ರತಿ ಪ್ಯಾರಾ ಮುಗಿದಾಗಲೂ ಅಭ್ಯಾಸಬಲದಿಂದ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತು ಕಾದು ಮುಂದುವರಿಯುತ್ತಿದ್ದೆ.

ಸೆಪ್ಟೆಂಬರ್ 4

ಚೇತನಾಳ ಮೇಲೆ ರೇಗಾಡಿ ಬಂದೆ. ರೇವಣಸಿದ್ದನ ಕಥೆಯ ಕರಡು ನೋಡಿದರೆ ಅಜ್ಜಿಯ ಮಾತೇ ಇಲ್ಲ. "ಎದ್ದು ಹೊರಟುಹೋದೆಯಲ್ಲ ಅಮ್ಮಾ, ಎಸರು ಇನ್ನೂ ಕುದಿ ಬಂದಿಲ್ಲ" ಎಂದಿದೆ. ಶಾಲೆಯ ಹುಡುಗಿ ಸ್ಪರ್ಧೆಗೆ ಬಾಯಿಪಾಠ ಮಾಡಿದ ಹಾಗೆ.

ಚೇತನಾ ಜಗಳಕ್ಕೆ ಬರಲಿಲ್ಲ. "ನೀವೇ ಹಾಗೆ ಓದಿದೀರಲ್ಲ ಮೇಡಂ," ಎಂದು ನನ್ನ ವಾಯ್ಸ್ ಮೆಸೇಜ್ ಹಾಕಿ ಕೇಳಿಸಿದಳು. ನನ್ನದೇ ಧ್ವನಿ. ಹೊರಟುಹೋದೆಯಲ್ಲ ಅಮ್ಮಾ. ಒಂದು ಸಾಲೂ ತಪ್ಪದೆ ಎಲ್ಲವನ್ನೂ ಬದಲಾಯಿಸಿಕೊಂಡು ಓದಿದ್ದೇನೆ. ಕಣ್ಣ ಮುಂದೆ ಇದ್ದದ್ದು ಹುಡುಗನ ಮಾತು, ಬಾಯಿಂದ ಬಂದದ್ದು ಇದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಚೇತನಾಳ ಮೇಲೆ ರೇಗಿದ್ದಕ್ಕೆ ನಾಚಿಕೆಯಾಯಿತು.

ಹೊರಡುವಾಗ ಚೇತನಾ ಕೇಳಿದಳು, "ನಿಮ್ ಜೊತೆ ಯಾರಿದ್ರು ಮೇಡಂ? ಮಧ್ಯ ಮಧ್ಯ ಹೂಂ ಅಂತಾರಲ್ಲ?"

ಯಾರೂ ಇರಲಿಲ್ಲ.

ಸೆಪ್ಟೆಂಬರ್ 5

ಗಿರಣಿಯ ಶಬ್ದ ಇರಬೇಕು ಅಂದುಕೊಂಡೆ. ಅವತ್ತು ಗಿರಣಿಗೆ ರಜೆಯಿತ್ತು ಅನ್ನುವುದು ಆಮೇಲೆ ನೆನಪಾಯಿತು. ಮತ್ತೆ ಕೇಳಿಸಿಕೊಳ್ಳುವ ಧೈರ್ಯ ಇಲ್ಲ. ಅಳಿಸಿಬಿಟ್ಟೆ.

ಸೆಪ್ಟೆಂಬರ್ 11

ಈ ಸಲ ಬಾಯಿ ಬಿಡಲಿಲ್ಲ. ಕರಡಿನ ಪಕ್ಕ ಹುಡುಗ ಕಳಿಸಿದ್ದನ್ನು ಇಟ್ಟುಕೊಂಡು, ಒಂದೊಂದು ಪದವಾಗಿ ಹಿಂದಿನದನ್ನು ತಂದು ಕೂರಿಸಿದೆ. ಹ್ವಾದೆಲ್ಲ. ಯವ್ವಾ. ಕುದ್ದಿಲ್ಲ. ಕಳೆದುಹೋದ ಮಕ್ಕಳನ್ನು ಮನೆಗೆ ಕರೆತಂದ ಹಾಗಾಯಿತು. ಆದರೆ ಕಿವಿಗೆ ಬೀಳದ ಪುಟ ಅಚ್ಚಿಗೆ ಹೋಗಬಾರದಲ್ಲ. ಕೊನೆಗೊಮ್ಮೆ ಗಟ್ಟಿಯಾಗಿ ಓದಿ ಮುಗಿಸೋಣ ಎಂದು ಶುರುಮಾಡಿದೆ. ಓದಿ ಮುಗಿದಾಗ ನನ್ನ ಪೆನ್ನು ಅವೆಲ್ಲವನ್ನೂ ಹೊಡೆದುಹಾಕಿತ್ತು. ಅಂಚಿನಲ್ಲಿ ನನ್ನದೇ ಅಕ್ಷರ. ಬರೆದ ನೆನಪಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಮುನಿತಾಯಮ್ಮ. ಕಾಫಿ ಹಿಡಿದುಕೊಂಡು ಎಷ್ಟು ಹೊತ್ತಿನಿಂದ ನಿಂತಿದ್ದರೋ, ಲೋಟದ ಮೇಲೆ ಕೆನೆ ಕಟ್ಟಿತ್ತು. ಅವರ ಮುಖದಲ್ಲಿ ಇಷ್ಟು ದಿನ ಕಾಣದ ಒಂದು ನೆಮ್ಮದಿ.

"ಇವತ್ತು ಚೆನ್ನಾಗಿ ಕೇಳಿಸ್ತು ಕಣಮ್ಮ," ಅಂದರು. "ಮೆಟ್ಟಿಲ ಮೇಲೆ ಕೂತಿದ್ದೆ. ನೀನು ಓದೋದು, ಅವರು ಹೂಂ ಅನ್ನೋದು. ಇನ್ನೊಂದು ಸ್ವಲ್ಪ ಓದ್ತೀಯಾ?"

ಕರಡು ಮಡಿಸಿಟ್ಟು ಎದ್ದು ಹೊರಡಬೇಕೆನಿಸಿತು. ಆದರೆ ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಇನ್ನೊಂದು ಕಥೆ ತೆಗೆದು ಓದಿದೆ. ಅವರು ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು ಕೇಳಿದರು. ನನಗೆ ಏನೂ ಕೇಳಿಸಲಿಲ್ಲ, ದೇವರಾಣೆ. ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬೇಕು ಎಂದು ತಿಳಿಯುತ್ತಿತ್ತು.

ಸೆಪ್ಟೆಂಬರ್ 13

ಬೆತ್ತದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಓದಿದೆ. ಮುನಿತಾಯಮ್ಮ ಅದನ್ನು ಮತ್ತೆ ನನ್ನ ಕಡೆಗೆ ತಿರುಗಿಸಿ ಹೋದರು.

ಸೆಪ್ಟೆಂಬರ್ 19

ಮಧ್ಯಾಹ್ನದ ಓದು ಈಗ ನಿತ್ಯದ ಕೆಲಸವಾಗಿದೆ. ಮುನಿತಾಯಮ್ಮ ಊಟ ಮುಗಿಸಿ ಬರುತ್ತಾರೆ, ಕೇಳುತ್ತಾರೆ, ಸಮಾಧಾನವಾಗಿ ಇಳಿದು ಹೋಗುತ್ತಾರೆ. ಮೊದಲಿನ ಭಯ ನನಗಿಲ್ಲ. ಹೆದರುವಂಥದ್ದು ಏನಿದೆ ಅದರಲ್ಲಿ?

ಹೊಸಬರ ಕಥೆಗಳೆಲ್ಲ ಒಂದು ಹದಕ್ಕೆ ಬಂದಿವೆ. ಕೆಂಗೇರಿಯ ಟೀಚರಮ್ಮ ಅತಿ ಉದ್ದದ ವಾಕ್ಯ ಬರೆಯುತ್ತಿದ್ದರು, ಕತ್ತರಿಸಿ ಸರಿಮಾಡಿದ್ದಾಯಿತು. ನಂದಿನಿ ಲೇಔಟಿನ ಹುಡುಗನೊಬ್ಬ ಸಾಲಿಗೆ ಎರಡು ಬೈಗುಳ ಹಾಕಿದ್ದ, ತೆಗೆದೆವು. ಈಗ ಯಾವ ಪುಟ ತೆರೆದರೂ ನಡುವೆ ಎಡವುವುದಿಲ್ಲ, ಒಂದೇ ಓಟ. ಇವನ್ನೆಲ್ಲ ಒಬ್ಬನೇ ಬರೆದ ಹಾಗಿದೆ ಎಂದು ಚೇತನಾ ಹೇಳಿದಳು. ಸಂಪಾದನೆಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇಕೇ?

ರೇವಣಸಿದ್ದನ ಕಥೆಯ ಬಗ್ಗೆ ಕೊಟ್ಟ ಮಾತು ನೆನಪಿದೆ. ಆದರೆ ಓದುಗರಿಗೆ ಅರ್ಥವಾಗಬೇಕಲ್ಲ. ಅರ್ಥವಾಗದ ಹಾಡನ್ನು ಅಚ್ಚು ಹಾಕಿದರೆ ಅಜ್ಜಿಗೆ ಮಾಡಿದ ಅನ್ಯಾಯವಾಗುತ್ತದೆ. ಒಂದಷ್ಟು ಕಡೆ ಬಿಟ್ಟು, ಒಂದಷ್ಟು ಕಡೆ ಸರಿಮಾಡಿ, ಹಾವೂ ಸಾಯದೆ ಕೋಲೂ ಮುರಿಯದೆ ನಡೆಸೋಣ.

ಇತ್ತೀಚೆಗೆ ಕಾಫಿಗೆ ಸಕ್ಕರೆ ಬೇಡವೆನಿಸುತ್ತಿದೆ. ಮುನಿತಾಯಮ್ಮ ಕೇಳದೆಯೇ, ಉಗ್ರಪ್ಪನವರಿಗೆ ತರುತ್ತಿದ್ದ ಹಾಗೆ, ಸಕ್ಕರೆಯಿಲ್ಲದೆ ತಂದರು.

ಸೆಪ್ಟೆಂಬರ್ 24

ರೇವಣಸಿದ್ದ ಬಂದು ಕರಡು ನೋಡಿದ. ನೋಡುತ್ತ ನೋಡುತ್ತ ಮುಖ ಸಣ್ಣದಾಯಿತು.

"ಅಕ್ಕಾರ, ಇದು ಆಕಿ ಹೇಳಿದ್ದಲ್ಲ. ನೀವು ಮುಟ್ಟಂಗಿಲ್ಲ ಅಂದಿದ್ರಿ."

ಬೇಸರವಾಯಿತು. ಅವನ ಕಣ್ಣಲ್ಲಿ ನೀರಿತ್ತು. ನನಗೆ ಒಂದು ಕ್ಷಣ ಎಲ್ಲವನ್ನೂ ಹರಿದುಹಾಕಿ ಅವನದನ್ನು ಅವನಿಗೆ ಕೊಟ್ಟುಬಿಡೋಣವೆನಿಸಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನು ಕೂತಿದ್ದರಿಂದ ನಾನು ಬೆತ್ತದ ಕುರ್ಚಿಯಲ್ಲಿ ಕೂತೆ. ಅದರಲ್ಲಿ ಕೂತದ್ದು ಇದೇ ಮೊದಲು. ಬೆನ್ನಿಗೆ ಎಷ್ಟು ಹಿತವಾಗಿ ಒಗ್ಗುತ್ತದೆ ಅದು!

ನೋಡಿದರೆ ಗೊತ್ತಾಗುವುದಿಲ್ಲ, ಓದಿ ನೋಡು ಎಂದೆ. ಅವನು ಓದಿದ. ಮೊದಲು ಹೆಜ್ಜೆ ಹೆಜ್ಜೆಗೂ ಎಡವಿದ. ಹೊರಟುಹೋದೆಯಲ್ಲ ಎಂದು ಅಚ್ಚಾಗಿದ್ದರೂ ಹ್ವಾದೆಲ್ಲ ಎಂದೇ ಅವನ ಬಾಯಿಗೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಸುಮ್ಮನಿದ್ದೆ. ಅವನು ನಿಂತ, ಹಿಂದಕ್ಕೆ ಹೋದ, ಮತ್ತೆ ಓದಿದ. ಫೋನು ಆರ್ಡರಿಗಾಗಿ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಸಂಜೆಯ ಹೊತ್ತಿಗೆ ಒಂದು ಪ್ಯಾರಾ ಎಡವದೆ ಬಂತು. ಹೂಂ ಎಂದೆ. ಬಾಗಿಲ ಹೊರಗೆ ಮುನಿತಾಯಮ್ಮ ಸಣ್ಣಗೆ ಅಳುವುದು ಕೇಳಿಸಿತು. ಸಂತೋಷಕ್ಕೆ ಇರಬೇಕು.

ನಾಳೆಯೂ ಬಾರಪ್ಪ ಎಂದು ಕಳಿಸಿದೆ.

ಸೆಪ್ಟೆಂಬರ್ 27

ಹುಡುಗ ದಿನವೂ ಬರುತ್ತಿದ್ದಾನೆ. ಒಳ್ಳೆಯ ಕಿವಿ ಇದೆ. ಬಾಯಿ ಪಳಗುತ್ತಿದೆ.

ಅಕ್ಟೋಬರ್ 1, ಆಯುಧಪೂಜೆ

ಕೆಳಗೆ ಗಿರಣಿಗೆ ಬೂದುಗುಂಬಳಕಾಯಿ ಒಡೆದರು. ಮೇಲೆ ಮುನಿತಾಯಮ್ಮ ಮೇಜಿಗೆ, ಪೆನ್ನಿಗೆ, ಬೆತ್ತದ ಕುರ್ಚಿಗೆ ಕುಂಕುಮವಿಟ್ಟು ಹೂವು ಏರಿಸಿದರು. ಆರತಿ ಮುಗಿಸಿ, "ಕೂತ್ಕೊಳ್ಳಿ," ಎಂದರು. ಆಕೆ ನನ್ನನ್ನು ಯಾವತ್ತೂ ಹೀಗೆ ಬಹುವಚನದಲ್ಲಿ ಕರೆದವರಲ್ಲ. ಸಂಪಾದಕಿ ಎಂಬ ಮರ್ಯಾದೆ ಇರಬಹುದು. ಕೂತೆವು. ಆಕೆ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದರು. ವಯಸ್ಸಿನಲ್ಲಿ ದೊಡ್ಡವರು, ತಡೆಯಬೇಕಿತ್ತು. ತಡೆಯಬೇಕೆಂದು ತೋಚಲೇ ಇಲ್ಲ.

ಅಕ್ಟೋಬರ್ 8

ಪುಟಗಳು ಪ್ರೆಸ್ಸಿಗೆ ಹೋದವು. ಹೋಗುವ ಮೊದಲು ಚೇತನಾ ಫೋನ್ ಮಾಡಿದಳು. ರೇವಣಸಿದ್ದ ಮೊದಲು ಕಳಿಸಿದ್ದನ್ನು ಅವಳು ಅಕ್ಷರ ಸರಿಮಾಡಿ ಇಟ್ಟುಕೊಂಡಿದ್ದಾಳಂತೆ, ಅವನು ಬರೆದದ್ದು ಬರೆದ ಹಾಗೇ. "ಅದನ್ನೇ ಹಾಕಿಬಿಡ್ಲಾ? ಪಾಪ, ಅವರಜ್ಜಿ ಹಾಡು," ಎಂದಳು. ಹಾಕಮ್ಮ ಎನ್ನಬೇಕೆಂದೇ ಬಾಯಿ ತೆರೆದೆ. ಆ ಮಾತು ಗಂಟಲವರೆಗೂ ಬಂದಿತ್ತು, ನಾಲಗೆಯ ಮೇಲೆ ಅದರ ರುಚಿ ಕೂಡ ಗೊತ್ತಾಗುತ್ತಿತ್ತು.

"ತಿದ್ದಿದ್ದನ್ನೇ ಹಾಕು," ಎಂದೆ.

ಆಮೇಲೆ ಚೇತನಾ ಬೇರೆಯೇ ಧ್ವನಿಯಲ್ಲಿ, "ಮೇಡಂ ಇದಾರಾ ಸಾರ್? ಒಂಚೂರು ಅವರಿಗೆ ಕೊಡ್ತೀರಾ ಫೋನು?" ಎಂದು ಕೇಳಿದಳು.

ಕೆಲಸದ ಹೊತ್ತಿನಲ್ಲಿ ಇಂಥ ತಮಾಷೆ ನಮಗೆ ಹಿಡಿಸುವುದಿಲ್ಲ. ಫೋನ್ ಇಟ್ಟೆ.

ಅಕ್ಟೋಬರ್ 17

ಸಂಚಿಕೆ ಬಂತು. ಮುಖಪುಟ ಅಚ್ಚುಕಟ್ಟು, ಒಳಗೆ ಎಲ್ಲೂ ಕಲ್ಲು ಸಿಗದ ಅನ್ನ. ಅದೇ ಕಥೆ ಕಳಿಸುವ ಹಿರಿಯರು ಫೋನ್ ಮಾಡಿ ಉಗ್ರಪ್ಪನೇ ಕೂತು ಮಾಡಿದ ಹಾಗಿದೆ ಎಂದರು. ಮುಚ್ಚುವ ಮಾತನ್ನು ಮುನಿತಾಯಮ್ಮ ಮತ್ತೆ ಎತ್ತಿಲ್ಲ. ಸಂಕ್ರಾಂತಿ ಸಂಚಿಕೆಗೆ ಈಗಲೇ ಬರಹ ತರಿಸಬೇಕು.

ಮಧ್ಯಾಹ್ನ ರೇವಣಸಿದ್ದ ಬಂದ. ಪ್ರತಿಯನ್ನು ಕಣ್ಣಿಗೊತ್ತಿಕೊಂಡು, "ಬಹಳ ಸೊಗಸಾಗಿ ಬಂದಿದೆ. ನಾನು ಇಷ್ಟು ಚೆನ್ನಾಗಿ ಬರೆದಿದ್ದೇನೆಂದು ನನಗೇ ತಿಳಿದಿರಲಿಲ್ಲ," ಎಂದ. ಒಂದು ಕಡೆಯೂ ತೊಡಕಿಲ್ಲದ ಮಾತು. ಊಟದ ಚೀಲ ಹೊರುವ ಕೆಲಸ ಬಿಟ್ಟಿದ್ದಾನಂತೆ. ಹೊಸದೊಂದು ಕಥೆ ತಂದಿದ್ದ. ಗಟ್ಟಿಯಾಗಿ ಓದಿಸಿ ಕೊನೆಯವರೆಗೂ ಕೇಳಿದೆವು. ತಿದ್ದುವುದಕ್ಕೆ ಒಂದಕ್ಷರವೂ ಇರಲಿಲ್ಲ.

ಅಕ್ಟೋಬರ್ 22, ಬಲಿಪಾಡ್ಯಮಿ

ಬೀದಿಯಲ್ಲಿ ಪಟಾಕಿ. ಕಿಟಕಿ ಮುಚ್ಚಿ ಸಂಕ್ರಾಂತಿಯ ಕರಡು ಕೇಳುತ್ತಿದ್ದಾಗ ನನ್ನ ಫೋನಿಗೆ ಒಂದು ಕರೆ ಬಂತು. ವಿಜಯಪುರದ ಕಡೆಯ ಮುದುಕಿಯ ಧ್ವನಿ. ಭಾಗವ್ವ. ನೆರೆಮನೆಯವರು ಪತ್ರಿಕೆಯಲ್ಲಿದ್ದ ನಂಬರು ನೋಡಿ ಹಚ್ಚಿಕೊಟ್ಟಿದ್ದರಂತೆ.

"ಯಪ್ಪಾ, ನನ್ನ ಮೊಮ್ಮಗ ರೇವಣಸಿದ್ದ ನಿಮ್ಮಲ್ಲೇ ಬರತಿದ್ದ. ಅಂವ ಎಲ್ಲ್ಯದಾನ? ಅವನ ಫೋನಿನಾಗ ಬ್ಯಾರೆ ಯಾರೋ ಮಾತಾಡ್ತಾರ. ನನಗ ಅಜ್ಜಿ ಅಂತಾರ, ನನ್ನ ಹೆಸರ ಹೇಳ್ತಾರ, ಖರೆ ಅಂವ ಅಲ್ಲ. ನಾ ಸಾಕಿದ ಕೂಸು, ನನಗ ಗೊತ್ತಾಗಂಗಿಲ್ಲೇನು?"

ಅವನು ಇಲ್ಲೇ, ನನ್ನ ಎದುರಿನ ಕುರ್ಚಿಯಲ್ಲಿ ಕರಡು ಹಿಡಿದು ಕೂತಿದ್ದ. ಫೋನು ಕೊಟ್ಟೆ. "ಅಜ್ಜಿ, ನಾನು ಚೆನ್ನಾಗಿದ್ದೇನೆ, ನೀವು ಯೋಚಿಸಬೇಡಿ," ಎಂದು ಮರ್ಯಾದೆಯಿಂದ ಹೇಳಿ ಫೋನು ತಿರುಗಿ ನನ್ನ ಕೈಗಿಟ್ಟು, ಓದುತ್ತಿದ್ದ ಸಾಲನ್ನು ಬೆರಳಿಂದ ಹುಡುಕಿಕೊಂಡ.

ಆ ಕಡೆ ಮುದುಕಿ ಅಳತೊಡಗಿದಳು. ಬರೀ ಅಳುವಲ್ಲ, ಹಾಡು. ಎದ್ದು ಹ್ವಾದೆಲ್ಲೋ ನನ್ನ ಕೂಸ, ತಾಟಿನಾಗಿನ ರೊಟ್ಟಿ ಇನ್ನಾ ಆರಿಲ್ಲ ಎಂದು, ಹೆಸರು ಹಿಡಿದು, ಚಿಕ್ಕಂದಿನಿಂದ ಒಂದೊಂದನ್ನೇ ಎತ್ತಿಕೊಂಡು, ಹೆಣದ ಮುಂದೆ ಕೂತು ಹಾಡುವ ಹಾಗೆ ಹಾಡಿದಳು. ಎದುರು ಕೂತ ಹುಡುಗ ತಲೆ ಎತ್ತಲಿಲ್ಲ. ನಾವು ಬೆತ್ತದ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದೆವು.

ಒಳ್ಳೆಯ ಹಾಡು. ಎರಡು ಮೂರು ಕಡೆ ತೊಡಕಿತ್ತು. ಮುಗಿದ ಮೇಲೆ, ಅಲ್ಲಿ ಹೇಗೆ ಹೇಳಬೇಕೆಂದು ನಿಧಾನವಾಗಿ ತಿಳಿಸಿ, ಮೊದಲಿಂದ ಇನ್ನೊಮ್ಮೆ ಹಾಡಿಸಿದೆವು. ಧ್ವನಿ ನಡುಗುತ್ತಿದ್ದರೂ ಹೇಳಿದ್ದನ್ನು ಹೇಳಿದ ಹಾಗೆ ಹಾಡುವ ಪ್ರಯತ್ನ ಮಾಡಿದಳು. ನಾಳೆ ಮಧ್ಯಾಹ್ನ ಮತ್ತೆ ಕರೆ ಮಾಡಲು ಹೇಳಿದ್ದೇವೆ.